ಕರಡಿಯೂ ನಮ್ಮ ಊರೂ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾನು ಕರಡಿಯ ವಿಷಯ ಮಾತನಾಡುತ್ತೇನೆಂದು ಹೇಳಿದಾಗ ನಮ್ಮ ಕಾರ್ಯದರ್ಶಿಗಳು ನಕ್ಕು, "ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಗಲಿಲ್ಲವೆ, ಸ್ವಾಮಿ?" ಎಂದರು. ಗಾದೆ ಸಮಯಕ್ಕೆ ಸರಿಯಾಗಿ ಒದಗಿತು. ಆದರೆ ಆ ಗಾದೆಗೆ ಇನ್ನೊಂದು ಅರ್ಥ ಹೇಳುವವರೂ ಉಂಟು. ಕರಡೆ ಅಥವಾ ಕರಡಿ ಎಂಬುದು ನಮ್ಮ ನಾಡಿನ ಒಂದು ಚರ್ಮವಾದ್ಯ. ನಿಮ್ಮಲ್ಲಿ ಉತ್ತರ ಕರ್ನಾಟಕದವರು ಕರಡಿ ಮಜಲನ್ನು ಕೇಳಿಯೇ ಇರುತ್ತೀರಿ. ಶಿವಪೂಜೆಯ ಹೊತ್ತಿಗೆ ಆ ವಾದ್ಯವನ್ನು ನುಡಿಸದೆ ಬಿಟ್ಟರೆ ಪೂಜೆಯೇ ಕುಂದಾಯಿತೆಂಬುದು ಗಾದೆಯ ಮೂಲಾರ್ಥವೆಂದು ಅವರ ವಾದ. ನಿಜ ಯಾವುದೆಂಬುದನ್ನು ಪಂಡಿತರು ತೀರ್ಮಾನಿಸಲಿ. ನನಗಂತೂ ಎರಡನೆಯ ಅರ್ಥವೇ ಅನುಕೂಲ. ಕರಡಿಯನ್ನು ಬಿಟ್ಟು ಬಳ್ಳಾರಿ ಸೀಮೆಯ ಮಾತನ್ನು ಪೂರ್ತಿಯಾಗಿ ಆಡಲು ನನ್ನಿಂದ ಸಾಧ್ಯವಿಲ್ಲ.

ನಾನು ಕೂಡ್ಲಿಗಿ ತಾಲ್ಲೂಕಿನವನು. ಮದರಾಸು ಪ್ರಾಂತದಲ್ಲಿದ್ದ ನಮ್ಮ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣಕ್ಕೆ ಮೂರು ವರ್ಷ ಮೊದಲೇ. ಹಾಗಾಗಿ ನಮ್ಮ ಹಿರಿಯರು ನವೆಂಬರ್ ಒಂದನೆಯ ತಾರೀಖಿನ ಜೊತೆಗೆ ಅಕ್ಟೋಬರ್ ಒಂದನ್ನೂ ನೆನೆಯುತ್ತಿದ್ದರು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಕೂಡ್ಲಿಗಿ ಅಲ್ಲಿಗೆ ಹೋಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಪ್ರಾಂತ, ರಾಜ್ಯ, ಜಿಲ್ಲೆ ಏನು ಬದಲಾದರೂ ಬದಲಾಗದ ನಿವಾಸಿಯೊಬ್ಬ ಅಲ್ಲಿದ್ದಾನೆ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಆ ಗುಡ್ಡಗಳ ಸಂದುಗಳಲ್ಲಿ ಹಗಲು ಮಲಗಿ, ಹೊತ್ತು ಮುಳುಗಿದ ಮೇಲೆ ಇಳಿದು ಬರುವ ಕರಿಯ ಜೂಲು ಮೈಯವನು.

ಪುರಾಣದ ಕಾಲದಿಂದಲೂ ಅವನಿಗೆ ಅಲ್ಲಿ ಮಾನವಿತ್ತು. ಹಂಪೆ, ಆನೆಗೊಂದಿಯ ಸುತ್ತಲ ನಾಡೇ ಕಿಷ್ಕಿಂಧೆಯೆಂದು ನಮ್ಮವರು ನಂಬಿದ್ದಾರೆ. ಸುಗ್ರೀವನ ಸಭೆಯಲ್ಲಿ ವಯೋವೃದ್ಧನೂ ಜ್ಞಾನವೃದ್ಧನೂ ಆದ ಜಾಂಬವಂತನಿದ್ದ. ಸಮುದ್ರದ ದಡದಲ್ಲಿ ಹನುಮಂತನಿಗೆ ಅವನ ಬಲವನ್ನು ನೆನಪು ಮಾಡಿಕೊಟ್ಟವನು ಆ ಮುದುಕನೇ. ಮುಂದೆ ಭಾಗವತಕ್ಕೆ ಬಂದರೆ ಶ್ರೀಕೃಷ್ಣ ಅವನ ಮಗಳನ್ನೇ ಮದುವೆಯಾಗುತ್ತಾನೆ. ಆ ಕಥೆಯನ್ನು ನಮ್ಮ ಕೃಷ್ಣದೇವರಾಯ 'ಜಾಂಬವತೀ ಕಲ್ಯಾಣ'ವೆಂಬ ಸಂಸ್ಕೃತ ನಾಟಕವಾಗಿ ಬರೆದ. ಕರಡಿಗಳ ನಾಡಿನಲ್ಲಿ ರಾಜಧಾನಿ ಮಾಡಿಕೊಂಡ ಅರಸನು ಬರೆಯಲು ಆರಿಸಿಕೊಂಡದ್ದು ಕರಡಿರಾಜನ ಬೀಗತನದ ಕಥೆ! ಇದು ಕಾಕತಾಳೀಯವೇ ಇರಬಹುದು. ಆದರೂ ನೆನೆದಾಗ ನನಗೆ ಸಂತೋಷವಾಗುತ್ತದೆ.

ಪುರಾಣದ ಮಾತು ಸಾಕು. ಪ್ರಾಣಿಯನ್ನು ನೋಡೋಣ. ಅದರ ಮೈಗುಣ ತಿಳಿಯದೆ ಜಗಳದ ಕಾರಣ ತಿಳಿಯುವುದಿಲ್ಲ.

1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ನಮ್ಮ ಕರಡಿಗೆ ಶಾಸ್ತ್ರೀಯ ನಾಮಕರಣ ಮಾಡಿದಾಗ, ಅದರ ಉದ್ದನೆಯ ಉಗುರುಗಳನ್ನೂ ಬಾಯಿಯ ಮುಂಭಾಗದಲ್ಲಿ ಹಲ್ಲಿಲ್ಲದಿರುವುದನ್ನೂ ನೋಡಿ, ಅಮೆರಿಕೆಯ ಮರಗಳಲ್ಲಿ ತಲೆಕೆಳಗಾಗಿ ತೂಗಾಡುವ 'ಸ್ಲಾತ್' ಎಂಬ ಸೋಮಾರಿ ಪ್ರಾಣಿಯ ಬಳಗಕ್ಕೆ ಇದನ್ನು ಸೇರಿಸಿಬಿಟ್ಟ. ತಪ್ಪು ಆಮೇಲೆ ತಿದ್ದಲ್ಪಟ್ಟರೂ ಇಂಗ್ಲಿಷಿನಲ್ಲಿ 'ಸ್ಲಾತ್ ಬೇರ್' ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ. ಸೋಮಾರಿಯೆಂದು ಕರೆಸಿಕೊಂಡ ಈ ಪ್ರಾಣಿ ಕೆರಳಿತೆಂದರೆ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಹೆಸರನ್ನು ನಂಬಿ ಮೋಸಹೋಗಬೇಡಿರಿ.

ಮೇಲ್ದವಡೆಯ ನಡುವಿನ ಎರಡು ಹಲ್ಲುಗಳು ಅದಕ್ಕಿಲ್ಲ. ಆ ಖಾಲಿ ಜಾಗವೇ ಅದರ ಅನ್ನದ ಬಾಗಿಲು. ಹುತ್ತವನ್ನು ಉಗುರಿನಿಂದ ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಉದ್ದನೆಯ ತುಟಿಯನ್ನು ಕೊಳವೆಯಂತೆ ಚಾಚಿ, ಮೊದಲು ಮಣ್ಣನ್ನು ಊದಿ ಹಾರಿಸಿ, ಆಮೇಲೆ ಗೆದ್ದಲನ್ನು ಹೀರುತ್ತದೆ. ಹೀರುವ ಆ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ಗೆದ್ದಲು, ಇರುವೆ, ಜೇನು, ಇವುಗಳ ಜೊತೆಗೆ ಹಣ್ಣು: ಬೋರೆ, ಕವಳೆ, ಈಚಲು, ನೇರಳೆ, ಅತ್ತಿ, ಕಕ್ಕೆಯ ಕಾಯೊಳಗಿನ ಸಿಹಿ ತಿರುಳು. ತಿಂದ ಹಣ್ಣಿನ ಬೀಜ ಲದ್ದಿಯೊಡನೆ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಬಿದ್ದು ಮೊಳೆಯುತ್ತದೆ. ನಮ್ಮ ಒಣ ಸೀಮೆಯ ಕುರುಚಲು ಕಾಡಿಗೆ ಕೂಲಿ ಕೇಳದ ತೋಟಗಾರನೆಂದರೆ ಇವನೇ.

ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ಇನ್ನೊಂದು ವಿಶೇಷ. ಸಾಮಾನ್ಯವಾಗಿ ಎರಡು ಮರಿ. ತಿಂಗಳುಗಟ್ಟಲೆ ಈ ಸವಾರಿ. ನಾವು ಇಲ್ಲಿ ರಾಜ್ಯೋತ್ಸವ ಮಾಡುವ ಈ ದಿನಗಳಿಂದ ಸಂಕ್ರಾಂತಿಯವರೆಗಿನ ಕಾಲದಲ್ಲಿಯೇ ಹೆಣ್ಣು ಕರಡಿಗಳು ಗವಿ ಸೇರಿ ಮರಿ ಹಾಕುತ್ತವೆ. ಅದೇ ಹೊತ್ತಿಗೆ ನಮ್ಮ ಜನ ಶೇಂಗಾ ಕಿತ್ತು, ಜೋಳ ಕಾದು, ಸೌದೆಗೆ ಗುಡ್ಡ ಹತ್ತುತ್ತಾರೆ.

ಇನ್ನು ಜಗಳದ ಮಾತು. ಕರಡಿ ಮನುಷ್ಯನನ್ನು ತಿನ್ನುವುದಕ್ಕಾಗಿ ಬೇಟೆಯಾಡುವ ಪ್ರಾಣಿಯಲ್ಲ. ಹಾಗಿದ್ದರೂ ನಮ್ಮ ದೇಶದಲ್ಲಿ ಅದರಿಂದ ಗಾಯಗೊಂಡವರ ಸಂಖ್ಯೆ ಸಣ್ಣದಲ್ಲ. ಛತ್ತೀಸಗಢವೂ ಸೇರಿದ್ದ ಹಳೆಯ ಮಧ್ಯಪ್ರದೇಶದಲ್ಲಿ 1989ರ ಏಪ್ರಿಲಿನಿಂದ 1994ರ ಮಾರ್ಚಿಯವರೆಗಿನ ಐದು ವರ್ಷಗಳಲ್ಲಿ 735 ಜನ ಕರಡಿಯ ಕೈಗೆ ಸಿಕ್ಕರು. ಅವರಲ್ಲಿ 48 ಜನ ತೀರಿಕೊಂಡರು. ಉಳಿದವರು ಬದುಕಿದರಲ್ಲ ಎಂದು ಸಮಾಧಾನಪಡುವಂತಿಲ್ಲ. ಕರಡಿ ಹಿಂಗಾಲಿನ ಮೇಲೆ ನಿಂತು ಹೊಡೆಯುತ್ತದೆ. ಏಟು ಬೀಳುವುದು ಬಹುಮಟ್ಟಿಗೆ ಮುಖಕ್ಕೆ, ತಲೆಗೆ. ಕಣ್ಣು, ಮೂಗು, ದವಡೆ ಹೋದವರು ಮುಂದೆ ಹತ್ತಿಪ್ಪತ್ತು ವರ್ಷ ಬದುಕಬೇಕಲ್ಲ! ಅಂಥವರು ಸಂತೆಗೆ ಬಂದಾಗ ತಲೆಯ ವಸ್ತ್ರವನ್ನು ಮುಖಕ್ಕೆ ಎಳೆದುಕೊಂಡು ನಡೆಯುವುದನ್ನು ನಮ್ಮ ಕಡೆಯವರು ನೋಡಿದ್ದೀರಿ.

ತಿನ್ನುವುದಿಲ್ಲವೆಂದ ಮೇಲೆ ಮೇಲೆ ಬೀಳುವುದೇಕೆ? ಬಲ್ಲವರು ಹೇಳುವ ಕಾರಣ ಇದು. ಹುಲಿಯಿದ್ದ ನಾಡಿನಲ್ಲಿ ಬೆಳೆದು ಬಂದ ಪ್ರಾಣಿ ಇದು. ಮರ ಹತ್ತಿದರೆ ಚಿರತೆಯೂ ಹತ್ತೀತು. ಓಡಿದರೆ ಹುಲಿ ಹಿಡಿದೀತು. ಉಳಿದ ಉಪಾಯ ಒಂದೇ: ಎದುರು ನಿಂತು, ಅರಚಿ, ಮೊದಲ ಏಟನ್ನು ತಾನೇ ಹಾಕುವುದು. ಸಾವಿರಾರು ತಲೆಮಾರು ಈ ಉಪಾಯ ಕರಡಿಯನ್ನು ಕಾಪಾಡಿದೆ. ಈಗ ನಮ್ಮ ಬಹಳಷ್ಟು ಗುಡ್ಡಗಳಲ್ಲಿ ಹುಲಿಯಿಲ್ಲ, ಆದರೆ ಅಭ್ಯಾಸ ಉಳಿದಿದೆ. ಅದರ ಮೂಗು ಚುರುಕು, ಕಣ್ಣು ಮಂದ. ತಲೆಯನ್ನು ಹುತ್ತದೊಳಗೆ ಹುದುಗಿಸಿ, ತನ್ನದೇ ಗದ್ದಲದಲ್ಲಿ ಮೈಮರೆತಿರುವಾಗ ಮನುಷ್ಯ ಹತ್ತು ಹೆಜ್ಜೆಯ ಹತ್ತಿರ ಬಂದಿರುತ್ತಾನೆ. ಇಬ್ಬರೂ ಏಕಕಾಲಕ್ಕೆ ಬೆಚ್ಚಿಬೀಳುತ್ತಾರೆ. ಬೆಚ್ಚಿದ ಇಬ್ಬರಲ್ಲಿ ಒಬ್ಬನಿಗೆ ಉಗುರಿದೆ.

ಅಪವಾದಗಳೂ ಇಲ್ಲದಿಲ್ಲ. ಬೆಂಗಳೂರಿನಲ್ಲಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ 1957ರ ತನ್ನ ಪುಸ್ತಕವೊಂದರಲ್ಲಿ ಅರಸೀಕೆರೆಯ ಸುತ್ತಮುತ್ತ ಹಾವಳಿ ಮಾಡಿದ ಕರಡಿಯೊಂದರ ಕಥೆ ಬರೆದಿದ್ದಾನೆ. ಅದು ಹನ್ನೆರಡು ಜನರನ್ನು ಕೊಂದಿತ್ತೆಂದೂ, ಕೊನೆಗೆ ತಾನು ಅದನ್ನು ಹೊಡೆದೆನೆಂದೂ ಅವನ ವರದಿ. ಬೇಟೆಗಾರರ ಕಥೆಗಳನ್ನು ಸ್ವಲ್ಪ ಸೋಸಿಕೊಂಡು ಕೇಳಬೇಕೆಂಬುದು ನಿಜವೇ. ಆದರೆ ಆ ಕಥೆ ಓದಿದವರಿಗೆ ಕರಡಿಯ ಮೇಲೆ ಮುದ್ದು ಬರುವುದಿಲ್ಲ, ಭಯ ಬರುತ್ತದೆ. ಸ್ವಲ್ಪ ಭಯ ಇರುವುದು ಒಳ್ಳೆಯದೇ.

ನಾನು ಎರಡು ವರ್ಷದ ಕೆಳಗೆ ಊರಿಗೆ ಹೋಗಿದ್ದಾಗ ಒಬ್ಬ ಕುರಿ ಕಾಯುವ ಹಿರಿಯರನ್ನು ಮಾತನಾಡಿಸಿದೆ. ಅವರ ಎಡಗಣ್ಣಿಲ್ಲ. ಬೆಳಗಿನ ಜಾವ ತಪ್ಪಿಸಿಕೊಂಡ ಕುರಿಯನ್ನು ಹುಡುಕಲು ಹೋದಾಗ ಆದದ್ದು. "ಕರಡಿದೇನು ತಪ್ಪೈತಣ್ಣ? ಅದು ಹುತ್ತ ಕೆದರಾಕೆ ಬಂದಿತ್ತು, ನಾನು ಕುರಿ ಹುಡುಕಾಕೆ ಬಂದಿದ್ದೆ. ಇಬ್ಬರದೂ ಹೊಟ್ಟೆ ಪಾಡು" ಎಂದರು. ನನಗೆ ಆ ಮಾತು ಬಹಳ ಹಿಡಿಸಿತು. ಇಂಥ ಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬರುವ ಮಾತು ಅದು. ಆದರೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಹೆಂಡತಿ ಸುಮ್ಮನಿರಲಿಲ್ಲ. "ಅವರು ಹಂಗೇ ಹೇಳ್ತಾರೆ. ಆರು ತಿಂಗಳು ಅನ್ನ ಕಲಸಿ ಬಾಯಿಗೆ ಇಟ್ಟೋಳು ನಾನು. ಕುರಿ ಮಾರಿ ಆಸ್ಪತ್ರೆಗೆ ಕಟ್ಟಿದೋಳು ನಾನು. ನಿಮಗೇನಣ್ಣ, ಊರಿಗೆ ಬರ್ತೀರಿ, ಗುಡ್ಡ ನೋಡಿ ಚೆಂದ ಐತೆ ಅಂತೀರಿ, ಬಸ್ಸು ಹತ್ತಿ ಹೋಗ್ತೀರಿ" ಎಂದರು. ಗಂಡನ ಮಾತೂ ನಿಜ, ಹೆಂಡತಿಯ ಮಾತೂ ನಿಜ. ಕರಡಿಯ ವಿಷಯದಲ್ಲಿ ಮಾತನಾಡುವ ಯಾರಾದರೂ ಮೊದಲನೆಯದನ್ನಷ್ಟೇ ಹೇಳಿ ಎರಡನೆಯದನ್ನು ಬಿಟ್ಟರೆ ಅದು ಅರ್ಧ ಮಾತು.

ಸರಕಾರ ಏನೂ ಮಾಡಿಲ್ಲವೆ ಎಂದರೆ, ಮಾಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿ ಕರಡಿಗೆ ಸ್ಥಾನವಿದೆ. ಅದನ್ನು ಕೊಲ್ಲುವುದು ದೊಡ್ಡ ಅಪರಾಧ. 1994ರಲ್ಲಿ ಸಂಡೂರು, ಹೊಸಪೇಟೆಗಳ ನಡುವಿನ ಬಿಳಿಕಲ್ಲು ಅರಣ್ಯವನ್ನು ದರೋಜಿ ಕರಡಿಧಾಮವೆಂದು ಸಾರಲಾಯಿತು. ಆಮೇಲೆ ವಿಸ್ತರಿಸಿ ಸುಮಾರು 82 ಚದರ ಕಿಲೋಮೀಟರು ಮಾಡಿದರು. ಹಂಪೆಯಿಂದ ಹದಿನೈದು ಕಿಲೋಮೀಟರಿನ ಹಾದಿ. ಬುರ್ರಕಥೆಯ ಈರಮ್ಮನವರ ಹೆಸರಿನೊಂದಿಗೆ ನಾವು ಕೇಳಿದ ದರೋಜಿಯೇ ಇದು. 2013ರಲ್ಲಿ ನಮ್ಮ ತಾಲ್ಲೂಕಿನ ಗುಡೇಕೋಟೆಯಲ್ಲೂ ಇನ್ನೊಂದು ಧಾಮವಾಯಿತು. ಒನಕೆ ಓಬವ್ವನ ತವರೆಂದು ಜನ ಹೇಳುವ ಊರು ಅದು. ಗುಜರಾತಿನಲ್ಲಿ ಜೆಸ್ಸೋರ್ 1978ರಷ್ಟು ಹಿಂದೆಯೇ ಕರಡಿಧಾಮವಾಗಿತ್ತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ದರೋಜಿಯಲ್ಲಿ ಕರಡಿಕಲ್ಲು ಗುಡ್ಡವೆಂಬುದೊಂದಿದೆ. ಮಧ್ಯಾಹ್ನ ಅರಣ್ಯ ಇಲಾಖೆಯ ಕಾವಲುಗಾರರು ಆ ಬಂಡೆಗಳಿಗೆ ಬೆಲ್ಲ ಬೆರೆಸಿದ ಹಿಟ್ಟಿನ ಪಾಕವನ್ನು ಮೆತ್ತಿ ಬರುವ ಪದ್ಧತಿ ಬೆಳೆದುಬಂದಿದೆ. ಎದುರು ಗುಡ್ಡದ ವೀಕ್ಷಣಾ ಗೋಪುರದಿಂದ ಪ್ರವಾಸಿಗಳು ಕರಡಿಗಳು ಇಳಿದು ಬಂದು ಬಂಡೆ ನೆಕ್ಕುವುದನ್ನು ನೋಡುತ್ತಾರೆ. ನಾನೂ ನೋಡಿದ್ದೇನೆ. ಬೆನ್ನ ಮೇಲೆ ಎರಡು ಮರಿಗಳನ್ನು ಹೊತ್ತ ತಾಯಿ ಇಳಿಬಿಸಿಲಿನಲ್ಲಿ ಬಂಡೆಯಿಂದ ಬಂಡೆಗೆ ಬರುವುದನ್ನು ಕಂಡವನು ಆಯುಷ್ಯದಲ್ಲಿ ಮರೆಯಲಾರ. ಆದರೂ ಈ ಬೆಲ್ಲದ ಸತ್ಕಾರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೆಲ್ಲದ ರುಚಿ ಹತ್ತಿದ ನಾಲಗೆ ಆಲೆಮನೆಯ ದಾರಿಯನ್ನೂ ಹುಡುಕೀತು. ಅದಕ್ಕಿಂತ ಧಾಮದೊಳಗೆ ಕವಳೆ, ಬೋರೆ, ನೇರಳೆ ಬೆಳೆಸುವ ಕೆಲಸವೇ ಮೇಲು. ಅದಕ್ಕೆ ಚಪ್ಪಾಳೆ ತಟ್ಟುವವರು ಕಡಿಮೆ, ಅಷ್ಟೆ.

ಧಾಮದ ಗಡಿ ಕರಡಿಗೆ ತಿಳಿಯದು. ತುಂಗಭದ್ರೆಯ ಕಾಲುವೆಗಳು ಬಂದಮೇಲೆ, ಸಜ್ಜೆ ನವಣೆ ಬೆಳೆಯುತ್ತಿದ್ದ ಗುಡ್ಡದ ಬುಡದಲ್ಲಿ ಕಬ್ಬು, ಬಾಳೆ, ಮೆಕ್ಕೆಜೋಳ ಬಂದವು. ನೀರು ಬಂದದ್ದು ಬೇಡವೆನ್ನಲು ನಾವಾರು? ಅದಕ್ಕಾಗಿ ಎಷ್ಟು ತಲೆಮಾರು ಆಕಾಶ ನೋಡಿದ್ದೇವೆ! ಆದರೆ ಒಂದು ರಾತ್ರಿಯಲ್ಲಿ ಮೈಲುಗಟ್ಟಲೆ ತಿರುಗಿ ಗೆದ್ದಲು ಹುಡುಕುವ ಪ್ರಾಣಿಗೆ ಗವಿಯ ಬಾಗಿಲಲ್ಲೇ ಕಬ್ಬು ಸಿಕ್ಕರೆ ಅದು ಬಾರದಿರುತ್ತದೆಯೆ? ಅತ್ತ ಸಂಡೂರು ಬೆಟ್ಟಗಳಲ್ಲಿ ಕಬ್ಬಿಣದ ಅದಿರಿಗಾಗಿ ಎದ್ದ ಧೂಳು ನಿಮಗೆಲ್ಲ ಪತ್ರಿಕೆಗಳಿಂದ ಗೊತ್ತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿ, ತರುವಾಯ ಕಟ್ಟುಪಾಡಿನೊಡನೆ ಕೆಲವಕ್ಕೆ ಅನುಮತಿ ಕೊಟ್ಟಿತು. ಅದಿರಿನ ಮಾತು ದೇಶಕ್ಕೆಲ್ಲ ಕೇಳಿಸಿತು. ಕಲ್ಲು ಕ್ವಾರಿಯ ಮಾತು ಅಷ್ಟು ಕೇಳಿಸಲಿಲ್ಲ. ಕರಡಿಗೆ ಅದೇ ಹೆಚ್ಚು ಅಪಾಯ. ಬಂಡೆ ಹೋದರೆ ಗವಿ ಹೋಯಿತು. ಗವಿ ಹೋದರೆ ಅದು ಹಗಲು ಮಲಗುವುದು ನಮ್ಮ ಹಳ್ಳದ ಪೊದೆಯಲ್ಲಿ, ಹೊಲದ ಬದುವಿನಲ್ಲಿ. ಅಲ್ಲಿ ಬೆಳಿಗ್ಗೆ ಚೊಂಬು ಹಿಡಿದು ಹೋದವನಿಗೆ ಎದುರಾಗುವುದು ಅದೇ.

ಕರಡಿಗಳೂ ಸಾಯುತ್ತವೆ. ಹಂದಿಗೆಂದು ಹೊಲದ ಸುತ್ತ ಕದ್ದು ಹರಿಸಿದ ವಿದ್ಯುತ್ ತಂತಿಗೆ, ಹಂದಿಗೆಂದೇ ಒಡ್ಡಿದ ಉರುಲಿಗೆ, ಕಟ್ಟೆಯಿಲ್ಲದ ಬಾವಿಗೆ ಸಿಕ್ಕಿ.

ಹಿಡಿದು ದೂರ ಬಿಟ್ಟು ಬರಬಾರದೇಕೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ನಮ್ಮ ಈ ಮಹಾರಾಷ್ಟ್ರದಲ್ಲೇ ಸಿಕ್ಕಿದೆ. ಜುನ್ನರಿನ ಕಡೆ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟಾಗ ಮನುಷ್ಯರ ಮೇಲಿನ ಆಕ್ರಮಣ ಕಡಿಮೆಯಾಗದೆ ಹೆಚ್ಚಿತೆಂಬುದನ್ನು ವಿದ್ಯಾ ಅತ್ರೇಯ ಮುಂತಾದವರು ಅಧ್ಯಯನ ಮಾಡಿ ತೋರಿಸಿದರು. ಬೊರಿವಲಿಯ ಉದ್ಯಾನದ ಸುತ್ತ 2004ರಲ್ಲಿ ಚಿರತೆಯ ಕಾಟ ಎಷ್ಟಿತ್ತೆಂಬುದು ಆಗ ಮುಲುಂಡ, ಥಾಣೆ ಕಡೆ ಇದ್ದವರಿಗೆ ನೆನಪಿದೆ. ಕಸ ತೆಗೆಯುವುದು, ದೀಪ ಹಾಕುವುದು, ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಬಿಡದಿರುವುದು, ಇಂಥ ಸಾದಾ ಕೆಲಸಗಳಿಂದಲೇ ಆಮೇಲೆ ಸ್ಥಿತಿ ಸುಧಾರಿಸಿತು. ನಗರದ ನಾವು ಚಿರತೆಯೊಡನೆ ಕಲಿತದ್ದನ್ನು ಕರಡಿಯೊಡನೆ ನಮ್ಮ ಊರವರು ಹೇಗೋ ಮೊದಲೇ ಕಲಿತಿದ್ದರು: ಗುಡ್ಡದ ದಾರಿಯಲ್ಲಿ ಹಾಡಿಕೊಂಡೋ ಕೋಲು ಬಡಿದುಕೊಂಡೋ ನಡೆಯುವುದು, ಇಬ್ಬರು ಮೂವರು ಜೊತೆಗೂಡಿ ಹೋಗುವುದು, ಹೊಲ ಕಾಯಲು ನೆಲದ ಮೇಲೆ ಮಲಗದೆ ಅಟ್ಟಣೆ ಕಟ್ಟುವುದು. ಈಗ ಹುಡುಗರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ನಡೆಯುತ್ತಾರೆ. ಹಾಡು ಅವರಿಗೆ ಕೇಳಿಸುತ್ತದೆ, ಕರಡಿಗೆ ಕೇಳಿಸುವುದಿಲ್ಲ.

ನಮ್ಮಲ್ಲಿ ಅರವತ್ತು ದಾಟಿದವರಿಗೆ ಇನ್ನೊಂದು ಕರಡಿಯ ನೆನಪಿರಬೇಕು: ಮೂಗಿಗೆ ಹಗ್ಗ ಪೋಣಿಸಿಕೊಂಡು ಡಮರುವಿನ ಸದ್ದಿಗೆ ಕುಣಿಯುತ್ತ ಬಾಗಿಲಿಗೆ ಬರುತ್ತಿದ್ದ ಕರಡಿ. ಹೆದರುವ ಮಕ್ಕಳನ್ನು ಅದರ ಮೇಲೆ ಕೂರಿಸುತ್ತಿದ್ದರು. ಕೂದಲು ಕಿತ್ತು ತಾಯಿತ ಕಟ್ಟಿಸುತ್ತಿದ್ದರು. ಎಳೆಯ ಮರಿಯ ಮೂಗಿಗೆ ಕಾಯಿಸಿದ ಸೂಜಿ ಚುಚ್ಚಿ ಆ ಹಗ್ಗ ಪೋಣಿಸುತ್ತಾರೆಂಬುದನ್ನು ಆಗ ಯಾರೂ ನಮಗೆ ಹೇಳಲಿಲ್ಲ. ಕಾನೂನು 1972ರಲ್ಲೇ ಬಂದರೂ ಆಟ ನಿಂತದ್ದು ಬಹಳ ತಡವಾಗಿ. ಕಲಂದರರಿಂದ ಕರಡಿಗಳನ್ನು ಬಿಡಿಸಿ ಆಗ್ರಾದಲ್ಲಿ, ಆಮೇಲೆ 2005ರಿಂದ ನಮ್ಮ ಬನ್ನೇರುಘಟ್ಟದಲ್ಲಿಯೂ ಆಶ್ರಯ ಕೊಟ್ಟರು. ಹೀಗೆ ಆರುನೂರಕ್ಕೂ ಮೇಲ್ಪಟ್ಟು ಕರಡಿಗಳು ಬಂದು, 2009ರ ಹೊತ್ತಿಗೆ ಕುಣಿತ ಬೀದಿಯಿಂದ ಮರೆಯಾಯಿತು. ಇದರಲ್ಲಿ ನನಗೆ ಮುಖ್ಯವೆನಿಸುವುದು ಇನ್ನೊಂದು. ಕರಡಿ ಕಳೆದುಕೊಂಡ ಕಲಂದರರಿಗೆ ಬೇರೆ ಕಸುಬು ಹೂಡಲು ಹಣ ಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಹೊಟ್ಟೆಪಾಡಿಗೆ ದಾರಿ ತೋರಿಸದೆ ಕಸುಬನ್ನು ಮಾತ್ರ ನಿಲ್ಲಿಸಿದ್ದರೆ ಅದು ನಿಲ್ಲುತ್ತಿರಲಿಲ್ಲ.

ಕುರಿಗಾಹಿಯ ಹೆಂಡತಿಗೂ ಇದೇ ನ್ಯಾಯ ಸಲ್ಲಬೇಕಲ್ಲವೆ? ವನ್ಯಮೃಗದಿಂದ ಸಾವಾದರೆ ಕೊಡುವ ಪರಿಹಾರವನ್ನು ನಮ್ಮ ರಾಜ್ಯ 2022ರಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಒಳ್ಳೆಯದು. ಆದರೆ ಬದುಕಿ ಉಳಿದು ಮುಖ ಕಳೆದುಕೊಂಡವನಿಗೆ ಒಳ್ಳೆಯ ಶಸ್ತ್ರಚಿಕಿತ್ಸೆ ಸಿಗುವುದು ದೂರದ ಊರುಗಳಲ್ಲಿ. ಅಲ್ಲಿಗೆ ಕರೆದೊಯ್ಯುವವರು, ಕಾಗದ ಬರೆದುಕೊಡುವವರು, ವಾರ್ಡಿನ ಹೊರಗೆ ಒಂದು ರಾತ್ರಿ ಇರುವವರು ಬೇಕು. ಊರು ಬಿಟ್ಟು ನಗರ ಸೇರಿದ ನಮ್ಮಂಥವರಿಂದ ಆಗುವ ಕೆಲಸ ಇದು. ನಮ್ಮ ಸಂಘದ ವೈದ್ಯಕೀಯ ನಿಧಿಯಲ್ಲಿ ಇದಕ್ಕೊಂದು ಪಾಲು ತೆಗೆದಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಅಧ್ಯಕ್ಷರು ತಲೆದೂಗುತ್ತಿದ್ದಾರೆ, ನೀವೆಲ್ಲ ಸಾಕ್ಷಿ.

ಇನ್ನೊಂದೇ ಮಾತು. ಇಲ್ಲಿರುವ ಬಹಳ ಮಂದಿಗೆ ಊರಿನಲ್ಲಿ ಗುಡ್ಡದ ಬುಡದ ನಾಲ್ಕೆಂಟು ಎಕರೆ ಉಳಿದಿದೆ, ಬೆಳೆಯುವವರಿಲ್ಲದೆ ಬಿದ್ದಿದೆ. ನಮಗೂ ಇದೆ. ಅದರಲ್ಲಿ ಅರ್ಧ ಬರೀ ಬಂಡೆ. ನಮ್ಮ ತಂದೆ ಅದನ್ನು ಕರಡಿಯ ಪಾಲು ಎನ್ನುತ್ತಿದ್ದರು. ಹೋದ ವರ್ಷ ಕ್ವಾರಿಯ ಕಂಟ್ರಾಕ್ಟರರೊಬ್ಬರು ಬಂದು ಆ ಬಂಡೆಗೆ ಬೆಲೆ ಹೇಳಿ ಹೋಗಿದ್ದಾರೆ. ಕೇಳಿದರೆ ನೀವು ಬೆರಗಾಗುವಷ್ಟು ಬೆಲೆ. ಮೂವರು ಅಣ್ಣತಮ್ಮಂದಿರ ಸಹಿ ಬೇಕು. ಹೈದರಾಬಾದಿನ ತಮ್ಮ ಸಹಿ ಹಾಕಿ ಕಾಗದವನ್ನು ನನಗೆ ಕಳಿಸಿದ್ದಾನೆ. ಅವನ ಮಗಳ ಮದುವೆ ಗೊತ್ತಾಗಿದೆ, ಅವನ ಅವಸರ ನನಗೆ ಅರ್ಥವಾಗುತ್ತದೆ. ಊರಿನಲ್ಲೇ ಇರುವ ಅಣ್ಣ ಮಾತ್ರ, "ಆ ಬಂಡೆ ಒಡೆದ ಮೇಲೆ ಅದು ಎಲ್ಲಿಗೆ ಹೋಗತೈತೆ ಅಂದ್ಕೊಂಡಿ? ನನ್ನ ಕಣಕ್ಕೇ ಬರತೈತೆ" ಎನ್ನುತ್ತಾನೆ. ಕಾಗದ ನನ್ನ ಮೇಜಿನ ಖಾನೆಯಲ್ಲಿದೆ. ತಮ್ಮನ ಮಗಳ ಮದುವೆಗೆ ಬೇರೆ ದಾರಿ ಹುಡುಕೋಣವೆಂದು ಅವನಿಗೆ ಬರೆದಿದ್ದೇನೆ; ನನ್ನ ಭವಿಷ್ಯನಿಧಿಯಲ್ಲಿ ಸ್ವಲ್ಪ ಇದೆ. ಯುಗಾದಿಗೆ ಮೂವರೂ ಊರಿನಲ್ಲಿ ಸೇರುವುದೆಂದು ಗೊತ್ತುಮಾಡಿಕೊಂಡಿದ್ದೇವೆ.